ನೀರುನಾಯಿಯ ಎರಡನೆಯ ಮರಿ

ನಮ್ಮ ಛತ್ರಿ ಕಾರ್ಖಾನೆಯ ಕೈಹೊಲಿಗೆ ಕೋಣೆಯಲ್ಲಿ ಒಂದು ಕಟ್ಟುಪಾಡಿತ್ತು. ಕೆಲಸದ ಹೊತ್ತಿನಲ್ಲಿ ಯಾರು ಕಥೆ ಹೇಳುತ್ತಾರೋ ಅವರ ಪಾಲಿನ ಹೊಲಿಗೆಯನ್ನು ಉಳಿದವರು ಹಂಚಿಕೊಳ್ಳಬೇಕು. ಸಂಜೆ ಏಳುವಾಗ ಪ್ರತಿಯೊಬ್ಬಳೂ ತಾನು ಹೊಲಿದ ಛತ್ರಿಗಳಲ್ಲಿ ಎರಡನ್ನು ತೆಗೆದು ಕಥೆ ಹೇಳಿದವಳ ರಾಶಿಯ ಮೇಲೆ ಇಟ್ಟು ಹೋಗುವುದು. ಎಲ್ಲೂ ಬರೆದಿಟ್ಟದ್ದಲ್ಲ, ಯಾರು ಶುರು ಮಾಡಿದರೋ ಗೊತ್ತಿಲ್ಲ. ಮೇಸ್ತ್ರಿ ಕಂಡೂ ಕಾಣದ ಹಾಗೆ ಇರುತ್ತಿದ್ದ. ಕಥೆಯಿದ್ದ ದಿನ ಯಾರೂ ನೀರು ಕುಡಿಯುವ ನೆಪ ಹೇಳಿ ಎದ್ದು ಹೋಗುವುದಿಲ್ಲ ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಇಪ್ಪತ್ತಾರು ವರ್ಷ ಆ ರಾಶಿ ಒಬ್ಬಳದೇ ಆಗಿತ್ತು. ಅವಳನ್ನು ಎಲ್ಲರೂ ಅತ್ತೆ ಅನ್ನುತ್ತಿದ್ದೆವು. ನಿಜವಾಗಿ ನೋಡಿದರೆ ಅವಳು ಅತ್ತೆಯಾಗಿದ್ದದ್ದು ಒಬ್ಬನಿಗೆ ಮಾತ್ರ. ನಮ್ಮ ಕೋಣೆಗೂ ಪಕ್ಕದ ಕೋಣೆಗೂ ನಡುವೆ ಹಲಗೆಯ ಗೋಡೆ. ಅದರ ಆ ಬದಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದವನು ಅವಳ ಅಣ್ಣನ ಮಗ. ನಲವತ್ತು ಪದರ ಬಟ್ಟೆಯನ್ನು ಒಟ್ಟಿಗೆ ಹಾಸಿ, ಮರದ ಅಚ್ಚಿಟ್ಟು, ತೊಡೆಯಷ್ಟುದ್ದದ ಕತ್ತರಿಯಿಂದ ಒಂದೇ ಉಸಿರಿಗೆ ಕತ್ತರಿಸುತ್ತಿದ್ದ. ಅವನ ಹೆಸರೇ ಕತ್ತರಿ ಎಂದಾಗಿಹೋಗಿತ್ತು. ಮಾತು ಕಡಿಮೆ. ಮಧ್ಯಾಹ್ನ ಊಟಕ್ಕೆ ಬಂದಾಗ ಬಾಗಿಲಲ್ಲೇ ನಿಂತು, ‘ಅತ್ತೆ, ಬಾ’ ಅನ್ನುತ್ತಿದ್ದ. ಅಷ್ಟೇ. ಮೂವತ್ತನಾಲ್ಕು ವರ್ಷದ ಗಂಡಸು ಅವಳ ಡಬ್ಬಿಯ ಮುಚ್ಚಳ ತೆಗೆದುಕೊಟ್ಟು ಎದುರಿಗೆ ಕೂರುತ್ತಿದ್ದ. ಅತ್ತೆಯ ಬಲಗೈ ಕಿವಿಗಿಂತ ಮೇಲೆ ಏಳುತ್ತಿರಲಿಲ್ಲ. ಬಿಗಿಯಾದ ಮುಚ್ಚಳವೂ ಅವಳಿಂದ ಆಗುತ್ತಿರಲಿಲ್ಲ.

ಛತ್ರಿಗೆ ಎಂಟು ಕಡ್ಡಿ. ಪ್ರತಿ ಕಡ್ಡಿಯ ತುದಿಗೆ ಬಟ್ಟೆಯ ಒಂದೊಂದು ಮೂಲೆಯನ್ನು ಎಳೆದು ಹೊಲಿಯಬೇಕು, ಕಡ್ಡಿಯ ನಡುವೆ ಒಂದು ಗಂಟು ಹಾಕಬೇಕು. ಕಪ್ಪು ಬಟ್ಟೆ, ಕಪ್ಪು ದಾರ. ಹೊತ್ತು ಏರಿದ ಹಾಗೆ ಕಣ್ಣಿಗೆ ಎಲ್ಲ ಒಂದೇ ಕಪ್ಪು. ಅದಕ್ಕೆ ಎಲ್ಲರೂ ಬಾಯಲ್ಲೇ ಎಣಿಸುತ್ತೇವೆ, ಒಂದು, ಎರಡು, ಮೂರು, ಎಂಟಾದರೆ ಮುಗಿಯಿತು, ಮತ್ತೊಂದು ಛತ್ರಿ. ಹನ್ನೊಂದು ಬಾಯಿಗಳ ಆ ಗುಣುಗುಣು ಕೇಳಿದರೆ ಹೊರಗಿನವರಿಗೆ ಜೇನುಗೂಡಿನ ಪಕ್ಕ ನಿಂತ ಹಾಗಾಗುತ್ತದೆ.

ಅತ್ತೆ ಎಣಿಸುತ್ತಿರಲಿಲ್ಲ. ಅವಳ ಬೆರಳಿಗೇ ಎಂಟು ಗೊತ್ತಿತ್ತು. ಬೆಳಿಗ್ಗೆ ನಾವು ಕೂತು, ಮೊದಲನೆಯ ಛತ್ರಿ ಬಿಚ್ಚಿ ಇನ್ನೇನು ಗುಣುಗುಣು ಶುರುವಾಗಬೇಕು ಅನ್ನುವಷ್ಟರಲ್ಲಿ ಅವಳ ಕಥೆ ಶುರುವಾಗುತ್ತಿತ್ತು. ಆಗ ನಮ್ಮ ಬಾಯಿ ಮುಚ್ಚುತ್ತಿತ್ತು, ಎಣಿಕೆ ಬೆರಳಿಗೆ ಇಳಿಯುತ್ತಿತ್ತು. ಅದು ಅವಳಿಗಿದ್ದ ಕಲೆ ಎಂದುಕೊಂಡಿದ್ದೆವು. ಕುದಿಯುವ ಪಾತ್ರೆಯ ಮೇಲೆ ತಟ್ಟೆ ಮುಚ್ಚುವ ಹಾಗೆ ಅವಳು ನಮ್ಮ ಎಣಿಕೆಯ ಮೇಲೆ ಕಥೆ ಮುಚ್ಚುತ್ತಿದ್ದಳು ಎಂದು ಯಾರಿಗೆ ಹೊಳೆಯಬೇಕು?

ಅವಳ ಕಥೆಯಲ್ಲಿ ಮನುಷ್ಯರಿರುತ್ತಿರಲಿಲ್ಲ, ಬರೀ ಪ್ರಾಣಿಗಳು. ಅವೂ ಮಾತಾಡುತ್ತಿರಲಿಲ್ಲ. ಹಲ್ಲುದುರಿದ ಒಂದು ತೋಳ, ಬಾವಿಗೆ ಬಿದ್ದು ಮೇಲೆ ಬಂದ ಕರಡಿ, ಗುಂಪು ಬಿಟ್ಟುಹೋದ ಮುದಿ ಆನೆ. ಎಲ್ಲಕ್ಕೂ ಒಂದೇ ಕೆಲಸ, ಇವತ್ತು ಸಾಯದೆ ನಾಳೆಯವರೆಗೆ ಉಳಿಯುವುದು. ಮನುಷ್ಯರ ಕಥೆ ಯಾಕೆ ಹೇಳೋದಿಲ್ಲ ಎಂದು ಯಾರೋ ಕೇಳಿದ್ದಕ್ಕೆ, ಅವರಿಗೆ ಬಾಯಿ ಇದೆ, ಅವರ ಕಥೆ ಅವರೇ ಹೇಳಿಕೊಳ್ಳಲಿ ಎಂದಿದ್ದಳು.

ನೀರುನಾಯಿಯ ಕಥೆ ಶುರುವಾದ ಸೋಮವಾರವೇ ನಮ್ಮ ಕೋಣೆಗೆ ಹೊಸಬಳೊಬ್ಬಳು ಬಂದಳು. ಪ್ಯಾಕಿಂಗ್ ವಿಭಾಗದಿಂದ ಕಳಿಸಿದ್ದರು. ಬಂದ ಮೊದಲ ಗಂಟೆಯಲ್ಲೇ ಸೂಜಿ ಯಾಕೆ ಹೀಗೆ, ದಾರ ಯಾಕೆ ಹಾಗೆ, ಕಿಟಕಿ ಯಾಕೆ ಎತ್ತರದಲ್ಲಿದೆ ಎಂದು ಕೇಳಿ ಕೇಳಿ ಎಲ್ಲರ ತಲೆ ತಿಂದಳು. ಊಟದ ಹೊತ್ತಿಗೆ ಅವಳಿಗೆ ಯಾಕಮ್ಮ ಎಂಬ ಹೆಸರು ಬಿದ್ದಾಗಿತ್ತು. ಈ ಹೆಸರು ಯಾಕೆ ಎಂದೂ ಕೇಳಿದಳು.

ಕಥೆ ಹೀಗಿತ್ತು. ಒಂದು ನದಿ. ಅದರ ಬಂಡೆಯ ಸಂದಿನಲ್ಲಿ ಒಂದು ಹೆಣ್ಣು ನೀರುನಾಯಿ, ಅದಕ್ಕೆ ಎರಡು ಮರಿ. ಆ ವರ್ಷ ನದಿ ಬತ್ತಿತು. ಮೊದಲು ಹರಿವು ನಿಂತಿತು, ಆಮೇಲೆ ಮಡುಗಳು ಒಂದೊಂದಾಗಿ ಕೆಸರಾದವು, ಮೀನುಗಳು ಬಾಯಿ ತೆರೆದು ಮಲಗಿದವು. ಮುಂದಿನ ನೀರು ಇದ್ದದ್ದು ಗುಡ್ಡದಾಚೆ, ನಾಲ್ಕು ದಿನದ ನಡಿಗೆ. ನೀರಿನಲ್ಲಿ ಬಾಣದ ಹಾಗೆ ಹೋಗುವ ಪ್ರಾಣಿ ಅದು. ನೆಲದ ಮೇಲೆ ಗಿಡ್ಡ ಕಾಲು, ಉದ್ದ ಹೊಟ್ಟೆ, ಬೆರಳುಗಳ ನಡುವೆ ಹೂವಿನ ಎಸಳಿನಷ್ಟು ತೆಳುವಾದ ಚರ್ಮ.

ಮಂಗಳವಾರ ಆ ನಡಿಗೆ ಶುರುವಾದಾಗ ಮೇಸ್ತ್ರಿ ಕಿಟಕಿಯ ಬಳಿ ಕೂತು, ಹೊಲಿದ ಛತ್ರಿಗಳನ್ನು ಬೆಳಕಿಗೆ ಬಿಚ್ಚಿ ನೋಡುತ್ತಿದ್ದವನು ಅಲ್ಲಿಂದಲೇ ತಗಾದೆ ತೆಗೆದ.

‘ಅಲ್ಲಮ್ಮ, ಈಜೋ ಪ್ರಾಣಿ ನಾಲ್ಕು ದಿನ ನಡೆಯುತ್ತಾ? ಹೇಳೋದಕ್ಕಾದ್ರೂ ಒಂದು ಮಿತಿ ಬೇಡ್ವಾ?’

‘ನೀವು ಗೇಟಿನಿಂದ ಇಲ್ಲಿವರೆಗೆ ನಡೆದು ಬರಲ್ವಾ ಮೇಸ್ತ್ರಿ?’ ಎಂದಳು ಅತ್ತೆ. ‘ಅದನ್ನ ನೋಡಿದವರಿಗೆ ನೀರುನಾಯಿ ನಡೆಯುತ್ತೆ ಅಂದ್ರೆ ನಂಬೋಕೆ ಕಷ್ಟ ಇಲ್ಲ.’

ಮೇಸ್ತ್ರಿಯ ಹೊಟ್ಟೆ ಮೇಸ್ತ್ರಿಗಿಂತ ಮೊದಲು ಕೋಣೆಗೆ ಬರುತ್ತಿತ್ತು. ನಾವು ಛತ್ರಿಯ ಹಿಂದೆ ಮುಖ ಮುಚ್ಚಿಕೊಂಡು ನಕ್ಕೆವು. ಅತ್ತೆ ನಗಲಿಲ್ಲ. ದೇಹದ ಬಲ ಎರಡನೇ ದಿನಕ್ಕೇ ಮುಗಿಯಿತು ಎಂದು ಮುಂದುವರಿಸಿದಳು. ಕಾಲಿನ ಚರ್ಮ ಹರಿಯಿತು, ಮೂಗು ಒಣಗಿ ಬಿರಿಯಿತು. ಆಮೇಲೆ ನಡೆದದ್ದು ಕಾಲಲ್ಲ, ಇನ್ನೊಂದೇನೋ. ಗುಡ್ಡವನ್ನು ನೋಡಿದರೆ ಅದು ಅಲ್ಲೇ ಸಾಯುತ್ತಿತ್ತು. ಹಾಗಾಗಿ ಅದು ಗುಡ್ಡ ನೋಡಲಿಲ್ಲ, ಮುಂದಿನ ಪೊದೆಯ ನೆರಳನ್ನು ಮಾತ್ರ ನೋಡಿತು. ಅಲ್ಲಿಗೆ ಹೋಯಿತು. ಮತ್ತೊಂದು ಪೊದೆ ನೋಡಿತು. ಬಾಯಲ್ಲಿ ಮರಿ, ಆದ್ದರಿಂದ ಉಸಿರೆಲ್ಲ ಮೂಗಿನಲ್ಲೇ. ಹಿಂದೆ ತಿರುಗಿ ನೋಡಲಿಲ್ಲ. ಹಿಂದೆ ನೋಡದೆ ಇರೋದಕ್ಕೆ ಬೇಕಾದ ಗಟ್ಟಿತನ ಬೇರೆ ಯಾವುದಕ್ಕೂ ಬೇಡ ಎಂದಳು.

ಆ ಮಾತು ನನಗೆ ತುಂಬ ಹಿಡಿಸಿತ್ತು. ಎಲ್ಲರಿಗೂ. ಯಾಕಮ್ಮ ಮಾತ್ರ ಸೂಜಿ ನಿಲ್ಲಿಸಿದಳು.

‘ಇನ್ನೊಂದು ಮರಿ ಏನಾಯ್ತು ಅತ್ತೆ?’

‘ಯಾವ ಇನ್ನೊಂದು?’

‘ಸೋಮವಾರ ಎರಡು ಮರಿ ಅಂದ್ರಿ. ಬಾಯಲ್ಲಿ ಹಿಡಿಯೋದು ಒಂದೇ ತಾನೆ?’

ದಿನಕ್ಕೆ ಸಾವಿರ ಸಲ ಎಣಿಸುವ ಹೆಂಗಸರು ನಾವು. ಒಂದು ಮರಿ ಕಡಿಮೆಯಾದದ್ದು ನಮ್ಮಲ್ಲಿ ಒಬ್ಬಳಿಗೂ ತಿಳಿದಿರಲಿಲ್ಲ. ಅತ್ತೆಗೂ ತಿಳಿದಿರಲಿಲ್ಲವೆಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಮೆಟ್ಟಿಲಿದೆ ಎಂದು ಕಾಲಿಟ್ಟವರಿಗೆ ಮೆಟ್ಟಿಲು ಸಿಗದಿದ್ದರೆ ಆಗುತ್ತದಲ್ಲ, ಹಾಗಿತ್ತು ಆ ಮುಖ. ಯಾಕಮ್ಮ ಬಿಡಲಿಲ್ಲ. ಅವಳಿಗೆ ಚುಚ್ಚುವ ಉದ್ದೇಶವಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು.

‘ಗಟ್ಟಿತನ ಅಂದ್ರೆ ಮರೆತುಬಿಡೋದಾ ಅತ್ತೆ?’

ಹಲಗೆ ಗೋಡೆಯ ಆಚೆ ಕತ್ತರಿಯ ಸದ್ದು ನಿಂತಿತ್ತು. ಇವತ್ತಿಗೆ ಇಷ್ಟು ಸಾಕು ಎಂದಳು ಅತ್ತೆ. ಆ ದಿನ ಮತ್ತೆ ಬಾಯಿ ತೆರೆಯಲಿಲ್ಲ.

ಮರುದಿನ ಕಥೆಯಿಲ್ಲ. ಕಥೆಯಿಲ್ಲದ ಕೋಣೆಯಲ್ಲಿ ಗುಣುಗುಣು ತಾನಾಗಿ ಎದ್ದಿತು, ಒಂದು, ಎರಡು, ಮೂರು. ಅತ್ತೆಯ ತೋಳಿನ ರೋಮ ನಿಂತದ್ದನ್ನು ಪಕ್ಕದಲ್ಲಿದ್ದ ನಾನು ಕಂಡೆ. ಅವಳು ಸೂಜಿಯನ್ನು ಬೆರಳಿಗೇ ಚುಚ್ಚಿಕೊಂಡಳು, ಒಂದು ಸಲವಲ್ಲ. ಸಂಜೆ ಮೇಸ್ತ್ರಿ ಅವಳ ಛತ್ರಿಯೊಂದನ್ನು ಕಿಟಕಿಗೆ ಬಿಚ್ಚಿ ಹಿಡಿದಾಗ ಒಂದು ಮೂಲೆ ಸಡಿಲವಾಗಿ ಪಟಪಟ ಬಡಿಯಿತು. ಏಳು ತುದಿ ಹೊಲಿದು ಎಂಟನೆಯದನ್ನು ಬಿಟ್ಟಿದ್ದಳು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ಬಾಯಿಗೆ ಬಂದದ್ದು ಆಡುವ ಮೇಸ್ತ್ರಿ ಏನೂ ಅನ್ನದೆ ಆ ಛತ್ರಿಯನ್ನು ಮಡಿಸಿ ತನ್ನ ಕುರ್ಚಿಯ ಕೆಳಗೆ ಇಟ್ಟುಕೊಂಡ.

ಮೂರನೆಯ ದಿನ ಅವಳು ಬರಲಿಲ್ಲ. ಕತ್ತರಿ ಒಬ್ಬನೇ ಬಂದ. ಊಟದ ಹೊತ್ತಿಗೆ ಬಾಗಿಲಲ್ಲಿ ನಿಂತು, ಅತ್ತೆ ಕೂರುವ ಜಾಗ ನೋಡಿ ಹಾಗೇ ಹೋದ.

ಸಂಜೆ ಯಾಕಮ್ಮನನ್ನೂ ಕರೆದುಕೊಂಡು ಅತ್ತೆಯ ಮನೆಗೆ ಹೋದೆ. ಕತ್ತರಿಗೆ ಇನ್ನೂ ಎರಡು ಗಂಟೆ ಕೆಲಸವಿತ್ತು. ಎರಡನೆಯ ಮಹಡಿ, ಎರಡು ಕೋಣೆ. ಗೋಡೆಯ ಗಡಿಯಾರಕ್ಕೆ ಸದ್ದೇ ಇರಲಿಲ್ಲ. ಹತ್ತಿರ ಹೋಗಿ ನೋಡಿದರೆ ಬ್ಯಾಟರಿ ತೆಗೆದಿತ್ತು. ಅಡುಗೆಮನೆಯ ನಲ್ಲಿಗೆ ಒಂದು ಬಟ್ಟೆಯ ಪಟ್ಟಿ ಕಟ್ಟಿ ಅದರ ತುದಿಯನ್ನು ತೊಟ್ಟಿಯವರೆಗೆ ಇಳಿಬಿಟ್ಟಿದ್ದಳು, ತೊಟ್ಟಿಕ್ಕುವ ಹನಿ ಸದ್ದಿಲ್ಲದೆ ಜಾರಿ ಇಳಿಯಲೆಂದು. ಕೆಳಗೆ ಅಂಗಳದಲ್ಲಿ ಮಕ್ಕಳು ಕಣ್ಣಾಮುಚ್ಚಾಲೆ ಆಡುತ್ತಿದ್ದವು. ಯಾವುದೋ ಮಗು ಗೋಡೆಗೆ ಮುಖವಿಟ್ಟು ಗಟ್ಟಿಯಾಗಿ ಎಣಿಸತೊಡಗಿತು. ಅತ್ತೆ ಎದ್ದು ಕಿಟಕಿ ಮುಚ್ಚಿದಳು. ಆ ಸೆಕೆಯಲ್ಲೂ.

ಯಾಕಮ್ಮ ತಪ್ಪಾಯಿತು ಎಂದು ಅಳತೊಡಗಿದಳು. ಅತ್ತೆ ಅವಳಿಗೆ ನೀರು ಕೊಟ್ಟು, ನೀನು ಕೇಳದಿದ್ದರೆ ನಾನು ಹಾಗೇ ಸತ್ತುಹೋಗುತ್ತಿದ್ದೆ ಎಂದಳು. ಅಷ್ಟು ಸಮಾಧಾನದಲ್ಲಿ ಹೇಳಿದ್ದರಿಂದ ನನಗೆ ಹೆದರಿಕೆಯಾಯಿತು.

ನಮಗೆಲ್ಲ ಗೊತ್ತಿದ್ದದ್ದು ಇಷ್ಟು: ಮೂವತ್ತು ವರ್ಷದ ಹಿಂದೆ ನದಿ ಉಕ್ಕಿತ್ತು, ಅತ್ತೆ ನಾಲ್ಕು ವರ್ಷದ ಕತ್ತರಿಯನ್ನು ಬೆನ್ನಿಗೆ ಕಟ್ಟಿಕೊಂಡು ನೀರು ದಾಟಿ ಉಳಿಸಿದಳು, ಆಗಲೇ ಭುಜ ಹೋಯಿತು. ಅವನಿಗೆ ಅಕ್ಕ ಇದ್ದಳು, ನಿದ್ದೆಯಲ್ಲಿದ್ದಾಗಲೇ ಅವಳನ್ನು ನೀರು ಎಳೆದುಕೊಂಡು ಹೋಯಿತು. ಅವನಿಗೂ ಅತ್ತೆ ಹೇಳಿದ್ದು ಇದನ್ನೇ.

‘ನಿದ್ದೆಯಲ್ಲಿರಲಿಲ್ಲ ಅವಳು,’ ಎಂದಳು ಅತ್ತೆ.

ಆಗ ಅತ್ತೆಗೆ ಇಪ್ಪತ್ತೆರಡು ವರ್ಷ. ಅತ್ತಿಗೆ ಚಿಕ್ಕವನನ್ನು ಹೆತ್ತು ತೀರಿಕೊಂಡಿದ್ದಳು, ಅಣ್ಣ ಲಾರಿ ಓಡಿಸಿಕೊಂಡು ತಿಂಗಳುಗಟ್ಟಲೆ ಹೊರಗೆ. ಮಕ್ಕಳಿಬ್ಬರೂ ಇವಳ ಕೈಯಲ್ಲೇ. ಬೆಳಕು ಹರಿಯುವಾಗ ಮನೆಯೊಳಗೆ ನೀರು ಎದೆಮಟ್ಟ ಬಂದಿತ್ತು. ಇಬ್ಬರನ್ನೂ ಒಟ್ಟಿಗೆ ಹೊತ್ತು ಎರಡು ಹೆಜ್ಜೆ ಇಟ್ಟಳು, ಮುಳುಗಿದಳು, ಎದ್ದಳು. ಆಗುವುದಿಲ್ಲ ಎಂದು ದೇಹ ಹೇಳಿತು. ಆರು ವರ್ಷದವಳನ್ನು ಅಟ್ಟದ ಮೇಲೆ, ಗಾಳಿಕಿಂಡಿಯ ಪಕ್ಕ ಕೂರಿಸಿದಳು. ನೂರು ಎಣಿಸು, ನೂರು ಆಗೋದರೊಳಗೆ ಬರ್ತೀನಿ ಎಂದಳು. ಮಗುವಿಗೆ ಇಪ್ಪತ್ತರ ಮೇಲೆ ಎಣಿಸಲು ಬರುತ್ತಿರಲಿಲ್ಲ. ಅದು ನೆನಪಾದದ್ದು ನೀರಿಗಿಳಿದ ಮೇಲೆ.

‘ಕಿಂಡಿಯಿಂದ ಕೇಳಿಸ್ತಾ ಇತ್ತು. ಇಪ್ಪತ್ತು ಮುಟ್ಟಿ ಮತ್ತೆ ಒಂದು ಅಂದ್ಲು. ನಾನು ತಿರುಗಿ ನೋಡಲಿಲ್ಲ. ನೋಡಿದ್ರೆ ಹೆಜ್ಜೆ ತಪ್ಪುತ್ತಿತ್ತು.’

ದಡದಲ್ಲಿ ಯಾರದೋ ಕೈಗೆ ಚಿಕ್ಕವನನ್ನು ಕೊಟ್ಟು ಒಂದೇ ಕೈಯಲ್ಲಿ ನೀರು ಬಗೆಯುತ್ತ ಮರಳಿ ಬಂದಾಗ ಆ ಸಾಲಿನ ಅರ್ಧ ಮನೆಗಳು ಇರಲಿಲ್ಲ. ವಾರ ಬಿಟ್ಟು ಬಂದ ಅಣ್ಣ ಒಂದು ಮಾತೂ ಕೇಳಲಿಲ್ಲ. ಕೇಳದೆಯೇ ಲಾರಿ ಹತ್ತಿದ, ಕೇಳದೆಯೇ ಕೆಲವು ವರ್ಷಕ್ಕೆ ತೀರಿಕೊಂಡ.

‘ಅವಳು ಇನ್ನೂ ಎಣಿಸ್ತಾ ಇದಾಳೆ,’ ಎಂದಳು ಅತ್ತೆ, ಪಕ್ಕದ ಕೋಣೆಯಲ್ಲಿರುವವರ ಬಗ್ಗೆ ಹೇಳುವ ಹಾಗೆ. ‘ಎಲ್ಲಿ ಸದ್ದಿಲ್ವೋ ಅಲ್ಲಿ ಶುರು. ಇಪ್ಪತ್ತು, ಮತ್ತೆ ಒಂದು. ದಣಿವೇ ಇಲ್ಲ ಆ ಮಗೂಗೆ. ಮುಂದಿನದು ಗೊತ್ತಿಲ್ವಲ್ಲ, ಹೇಗೆ ಮುಗಿಸ್ತಾಳೆ?’

ಕತ್ತರಿಗೆ ಹೇಳಿಬಿಡಿ ಎಂದೆ. ಅತ್ತೆ ತನ್ನ ಎಡಗೈಯಿಂದ ಬಲಭುಜ ಹಿಡಿದುಕೊಂಡಳು.

‘ಅಕ್ಕನನ್ನ ಬಿಟ್ಟು ನಿನ್ನ ಎತ್ತಿಕೊಂಡೆ ಅಂತ ಹೇಳಲಾ? ಇಷ್ಟು ವರ್ಷ ಸುಳ್ಳು ಹೇಳಿದೆ ಅಂತ ಹೇಳಲಾ? ಅವನು ಎದ್ದು ಹೋದ್ರೆ ನನಗೆ ಉಳಿಯೋದೇನು? ಅವನೊಬ್ಬನೇ ಅಲ್ವಾ ನಾನು ದಾಟಿಸಿದ್ದು.’

ಯಾಕಮ್ಮ ತಾನು ನೀರು ಕುಡಿದ ಲೋಟವನ್ನು ತೊಳೆದಿಟ್ಟಳು, ನಾವು ಎದ್ದೆವು. ಇಳಿಯುವಾಗ ಮೆಟ್ಟಿಲಲ್ಲಿ ಕತ್ತರಿ ಎದುರಾದ. ಗೋಡೆಗೆ ಸರಿದು ನಮಗೆ ದಾರಿ ಬಿಟ್ಟ. ಅವನ ತೋಳಿನ ಮೇಲೆಲ್ಲ ಕಪ್ಪು ನೂಲಿನ ಎಳೆಗಳು ಅಂಟಿದ್ದವು.

ನಾಲ್ಕನೆಯ ದಿನ ಬೆಳಿಗ್ಗೆ ಅತ್ತೆ ಬಂದು ತನ್ನ ಜಾಗದಲ್ಲಿ ಕೂತಳು. ಛತ್ರಿ ಬಿಚ್ಚಿದಳು, ಸೂಜಿಗೆ ದಾರ ಪೋಣಿಸಿದಳು. ನಾವು ಯಾರೂ ಎಣಿಕೆ ಶುರು ಮಾಡಲಿಲ್ಲ, ಅಷ್ಟು ಬುದ್ಧಿ ಬಂದಿತ್ತು. ಅವಳು ಹಲಗೆ ಗೋಡೆಯ ಕಡೆ ಒಮ್ಮೆ ನೋಡಿದಳು. ಆಚೆ ಕತ್ತರಿ ಬಟ್ಟೆ ಕಡಿಯುತ್ತಿತ್ತು.

‘ಎರಡು ಮರಿ ಇದ್ದದ್ದು ನಿಜ,’ ಎಂದಳು. ಯಾವತ್ತಿನ ದನಿಗಿಂತ ಗಟ್ಟಿಯಾಗಿ, ಗೋಡೆ ದಾಟುವ ಹಾಗೆ.

ನೀರುನಾಯಿ ಮೊದಲು ಎರಡನ್ನೂ ಒಯ್ಯಲು ನೋಡಿತು. ಒಂದನ್ನು ಹತ್ತು ಮಾರು ಒಯ್ದು ಇಳಿಸಿ, ಮರಳಿ ಬಂದು ಇನ್ನೊಂದನ್ನು ಒಯ್ಯುವುದು. ಅರ್ಧ ಹಗಲು ಹಾಗೆ ಮಾಡಿತು. ತಿರುಗಿ ನೋಡಿದರೆ ಬಂಡೆ ಇನ್ನೂ ಅಲ್ಲೇ ಕಾಣುತ್ತಿತ್ತು. ಆಗ ದೊಡ್ಡ ಮರಿಯನ್ನು ಬಂಡೆಯ ಪೊಟರೆಯಲ್ಲಿ ಇಟ್ಟಿತು. ದೊಡ್ಡದಕ್ಕೆ ಹೇಳಿದ್ದು ಅರ್ಥವಾಗುತ್ತದೆ, ಇರು ಎಂದರೆ ಇರುತ್ತದೆ, ಅದಕ್ಕೇ ಅದನ್ನೇ ಬಿಟ್ಟಿತು. ಹೇಳಿದ ಮಾತು ಕೇಳುವ ಮಗುವನ್ನೇ ಬಿಡಬೇಕಾಯಿತು ಎಂದಳು ಅತ್ತೆ. ಅದು ಪೊಟರೆಯಿಂದ ಕೂಗುತ್ತಲೇ ಇತ್ತು. ಅಮ್ಮನನ್ನು ಕರೆಯಲು ಕೂಗಲಿಲ್ಲ, ತಾನು ಇದ್ದೇನೆ ಎಂದು ತಿಳಿಸಲು ಕೂಗಿತು. ನೀರುನಾಯಿ ತಿರುಗಿ ನೋಡಲಿಲ್ಲ. ಅದನ್ನು ನಾನು ಗಟ್ಟಿತನ ಅಂತ ಹೇಳಿಕೊಂಡು ಬಂದೆ ಎಂದಳು. ಗಟ್ಟಿತನವೋ ಏನೋ ನನಗೆ ಗೊತ್ತಿಲ್ಲ. ತಿರುಗಿದ್ದರೆ ಮೂರೂ ಸಾಯುತ್ತಿದ್ದವು ಅಂತ ಗೊತ್ತು, ಅಷ್ಟೇ.

‘ವಾಪಸ್ ಹೋಗಲಿಲ್ವಾ?’ ಯಾಕಮ್ಮ ಬಹಳ ಮೆಲ್ಲಗೆ ಕೇಳಿದಳು.

‘ಆಮೇಲೆ ಹೋಯ್ತು. ಪೊಟರೆ ಖಾಲಿ ಇತ್ತು.’

ಆಚೆ ಕತ್ತರಿಯ ಸದ್ದು ನಿಂತು ಬಹಳ ಹೊತ್ತಾಗಿತ್ತು. ಯಾವಾಗ ನಿಂತಿತೆಂದು ನಾವು ಗಮನಿಸಿರಲಿಲ್ಲ. ಈಗ ಅವನು ಗೋಡೆ ಬಳಸಿ ಬಾಗಿಲಿಗೆ ಬಂದ. ಮೇಸ್ತ್ರಿ ಎದ್ದು ನಿಂತ, ಯಾಕೆ ಎದ್ದನೋ ಅವನಿಗೇ ತಿಳಿಯದು. ಅತ್ತೆ ತಲೆ ಎತ್ತಲಿಲ್ಲ. ಸೂಜಿ ಬಟ್ಟೆಯಲ್ಲಿ ಅರ್ಧ ಹೊಕ್ಕು ನಿಂತಿತ್ತು.

ಕತ್ತರಿ ಬಂದು ಅವಳ ಎದುರಿಗೆ, ಊಟಕ್ಕೆ ಕೂರುವ ಹಾಗೆ ನೆಲದ ಮೇಲೆ ಕೂತ.

‘ಎರಡನೇ ಸಲ ಹದಿಮೂರಕ್ಕೆ ನಿಂತ್ಹೋಯ್ತು ಅತ್ತೆ,’ ಎಂದ.

ಅತ್ತೆ ನಿಧಾನವಾಗಿ ಮುಖ ಎತ್ತಿದಳು.

‘ನಿನ್ನ ಬೆನ್ನ ಮೇಲೆ ನಾನೂ ಅಕ್ಕನ ಜೊತೆ ಎಣಿಸ್ತಾ ಇದ್ದೆ. ಒಂದು ಸಲ ಇಪ್ಪತ್ತು ಆಯ್ತು. ಮತ್ತೆ ಒಂದರಿಂದ ಹಿಡಿದು ಹದಿಮೂರು ಅಂದ್ಲು. ಆಮೇಲೆ ಇಲ್ಲ. ನಾವಿನ್ನೂ ನೀರಲ್ಲೇ ಇದ್ವಿ. ನೀನು ಎಷ್ಟು ಬೇಗ ಹೋಗಿದ್ರೂ ಅಷ್ಟರೊಳಗೆ ಆಗ್ತಿರಲಿಲ್ಲ.’

‘ನಿನಗೆ ಗೊತ್ತಿತ್ತಾ?’

‘ನಿದ್ದೆಯಲ್ಲಿ ಹೋದ್ಲು ಅಂತ ನೀನು ಹೇಳಿದೆ. ಹಾಗೆ ನಂಬಿದ್ರೆ ನಿನಗೆ ಸಮಾಧಾನ ಅಂದುಕೊಂಡೆ. ನಂಬಿದೆ.’

ನಾಲ್ಕು ವರ್ಷದ ಮಗುವಿಗೆ ಅಷ್ಟು ನಿಖರವಾಗಿ ನೆನಪಿರುತ್ತದೆಯೇ, ಉಕ್ಕುವ ನೀರಿನ ಸದ್ದಿನಲ್ಲಿ ಹದಿಮೂರು ಕೇಳಿಸುತ್ತದೆಯೇ ಎಂದು ಆಮೇಲೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅವನನ್ನು ಕೇಳುವ ಧೈರ್ಯ ಬರಲಿಲ್ಲ. ಯಾಕಮ್ಮನೂ ಕೇಳಿಲ್ಲ.

ಅತ್ತೆಯ ತುಟಿ ಅಲುಗಿತು. ಹದಿನಾಲ್ಕು, ಎಂದಳು. ನಮ್ಮ ಕೋಣೆಯಲ್ಲಿ ಅವಳ ಬಾಯಿಂದ ಬಂದ ಮೊದಲ ಎಣಿಕೆ ಅದು. ಹದಿನೈದು, ಹದಿನಾರು. ಕತ್ತರಿಯೂ ಸೇರಿಕೊಂಡ. ಇಪ್ಪತ್ತಕ್ಕೆ ಅವನು ನಿಲ್ಲಿಸಿದ. ಅತ್ತೆ ಒಂದು ಉಸಿರು ತೆಗೆದುಕೊಂಡು, ಮಗುವಿಗೆ ಹೊಸದಾಗಿ ಕಲಿಸುವವರು ಹೇಳುತ್ತಾರಲ್ಲ ಹಾಗೆ, ಬಿಡಿಸಿ ಬಿಡಿಸಿ, ‘ಇಪ್ಪತ್ತೊಂದು’ ಎಂದಳು.

ಆಮೇಲೆ ಅಳಲಿಲ್ಲ. ಸೂಜಿ ಎಳೆದಳು. ಎಲ್ಲಿಗೆ ಬಂದಿತ್ತು ಕಥೆ ಎಂದು ಕೇಳಿದಳು. ಮರಿ ಬಾಯಲ್ಲಿದೆ, ನೀರಿಗೆ ಇನ್ನೂ ಒಂದು ದಿನದ ದಾರಿ ಇದೆ ಎಂದು ಹೇಳಿದವನು ಮೇಸ್ತ್ರಿ. ಮರುದಿನ ಸಂಜೆಯ ಹೊತ್ತಿಗೆ ನೀರುನಾಯಿ ನೀರು ಮುಟ್ಟಿತು. ಅವತ್ತು ಅವಳ ರಾಶಿಯ ಮೇಲೆ ಒಬ್ಬೊಬ್ಬರೂ ಎರಡರ ಜಾಗದಲ್ಲಿ ಮೂರು ಇಟ್ಟೆವು. ಎಲ್ಲಕ್ಕಿಂತ ಕೆಳಗೆ ಮೇಸ್ತ್ರಿಯ ಕುರ್ಚಿಯಡಿಯಿದ್ದ ಆ ಏಳು ತುದಿಯ ಛತ್ರಿಯೂ ಇತ್ತು. ಎಂಟನೆಯದನ್ನು ಯಾರೋ ದಪ್ಪ ಬೆರಳಿನವರು ವಕ್ರವಾಗಿ ಹೊಲಿದಿದ್ದರು.

ಈಗ ನಾವು ಬಾಯಿಬಿಟ್ಟು ಎಣಿಸುತ್ತೇವೆ, ಅತ್ತೆ ಬೇಡವೆನ್ನುವುದಿಲ್ಲ. ಕಥೆ ವಾರಕ್ಕೆ ಎರಡು ದಿನ ಮಾತ್ರ. ಅವಳ ಮನೆಯ ಗಡಿಯಾರ ನಡೆಯುತ್ತಿದೆ, ನಲ್ಲಿಯ ಬಟ್ಟೆ ಬಿಚ್ಚಿದೆ. ಎಲ್ಲ ಸರಿಹೋಯಿತು ಎಂದುಕೊಂಡು ಒಂದು ಮಧ್ಯಾಹ್ನ, ಈಗ ಕೇಳಿಸೋದಿಲ್ಲ ತಾನೆ ಎಂದು ಕೇಳಿದೆ.

‘ಕೇಳಿಸುತ್ತೆ ಕಣೇ,’ ಎಂದಳು ಅತ್ತೆ. ಮುಖದಲ್ಲಿ ಒಂದು ಬೆಳಕಿತ್ತು, ಮಗು ಶಾಲೆಯಲ್ಲಿ ಚೆನ್ನಾಗಿ ಓದುತ್ತಿದೆ ಎನ್ನುವವರ ಮುಖದಲ್ಲಿರುತ್ತದಲ್ಲ, ಅಂಥದು. ‘ಈಗ ಇಪ್ಪತ್ತು ದಾಟ್ತಾಳೆ. ಮೊನ್ನೆ ಅರವತ್ತರವರೆಗೆ ಬಂದಿದ್ಲು.’

ನನಗೆ ತಕ್ಷಣ ಹೊಳೆಯಲಿಲ್ಲ. ಹೊಳೆದ ಮೇಲೆ ಕೈಯಲ್ಲಿದ್ದ ಛತ್ರಿ ಕೆಳಗಿಟ್ಟೆ.

‘ನೂರಾದ್ರೆ ಅತ್ತೆ?’

ಅವಳು ಎಂಟನೆಯ ತುದಿಗೆ ಗಂಟು ಹಾಕಿ ದಾರವನ್ನು ಹಲ್ಲಿನಿಂದ ಕಡಿದಳು.

‘ನೂರಕ್ಕೆ ಬರ್ತೀನಿ ಅಂದವಳು ನಾನೇ ಅಲ್ವಾ,’ ಎಂದಳು.